ಬಿಟ್ಟ ಹಣ್ಣಿನ ಒಗರು

ಮೊನ್ನೆ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ನಾನೊಂದು ನಗೆಪಾಟಲಿನ ಕೆಲಸ ಮಾಡಿದೆ. ಹೂವಿನ ಅಂಗಡಿಗಳ ಸಾಲು ಮುಗಿಯುವ ಕಡೆ ನೇರಳೆ ಹಣ್ಣಿನ ತಳ್ಳುಗಾಡಿಯೊಂದು ನಿಂತಿತ್ತು. ತಿಂದು ನೋಡಿ ತಗೊಳ್ಳಿ ಎಂದು ಗಾಡಿಯ ಹೆಂಗಸು ಒಂದು ಹಣ್ಣನ್ನು ಕೈಗೆ ಹಾಕಿದಳು. ತಿಂದೆ, ಬೀಜ ಉಗಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಪಕ್ಕದಲ್ಲಿ ನಿಲ್ಲಿಸಿದ್ದ ಯಾರದೋ ಸ್ಕೂಟರಿನ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಸೊಂಟ ಬಗ್ಗಿಸಿ, ನಾಲಿಗೆಯನ್ನು ಉದ್ದಕ್ಕೆ ಚಾಚಿ ನೋಡಿಕೊಂಡೆ. ಅರವತ್ತೈದು ದಾಟಿದ, ಇಸ್ತ್ರಿ ಮಾಡಿದ ಸೀರೆ ಉಟ್ಟ, ಕೈಯಲ್ಲಿ ಕರಿಬೇವಿನ ಚೀಲ ಹಿಡಿದ ಹೆಂಗಸೊಬ್ಬಳು ನಡುಬೀದಿಯಲ್ಲಿ ನಿಂತು ಕನ್ನಡಿಯನ್ನು ಅಣಕಿಸುತ್ತಿದ್ದರೆ ಜನ ಏನೆಂದುಕೊಳ್ಳಬೇಕು? ದೇವಸ್ಥಾನದಲ್ಲಿ ದಿನವೂ ಮಾತಾಡಿಸುವ ಗೃಹಸ್ಥರೊಬ್ಬರು ನನ್ನನ್ನು ನೋಡಿಯೂ ನೋಡದವರಂತೆ ಪಕ್ಕದ ಅಂಗಡಿಯ ಊದುಬತ್ತಿಯ ಕಟ್ಟುಗಳಲ್ಲಿ ವಿಪರೀತ ಆಸಕ್ತಿ ತೋರಿಸತೊಡಗಿದರು.

ನೀವೂ ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಸ್ವಲ್ಪ ಕೇಳಿ. ನೇರಳೆ ತಿಂದ ಮೇಲೆ ನಾಲಿಗೆ ನೋಡಿಕೊಳ್ಳುವುದು ನನಗೆ ಬುದ್ಧಿ ಬಂದಾಗಿನಿಂದ ಇರುವ ಅಭ್ಯಾಸ. ಹಾಗೆ ನೋಡಿದರೆ ಅಭ್ಯಾಸ ನನ್ನದಲ್ಲ, ನಮ್ಮಕ್ಕನದು.

ಚಾಮರಾಜಪೇಟೆಯಲ್ಲಿ ನಾವಿದ್ದ ವಠಾರದ ಹಿಂದೆ ಒಂದು ಹಳೆಯ ಛತ್ರವಿತ್ತು. ಅದರ ಗೋಡೆಗೆ ಒರಗಿಕೊಂಡು ಒಂದು ನಾಯಿನೇರಳೆ ಮರ. ಅದನ್ನು ಯಾರೂ ನೆಟ್ಟವರಲ್ಲ, ಯಾವ ಹಕ್ಕಿ ತಂದು ಹಾಕಿತ್ತೋ. ನಾಯಿನೇರಳೆ ಎಂದರೆ ಈಗ ಅಂಗಡಿಯಲ್ಲಿ ಸಿಗುತ್ತದಲ್ಲ, ಹೆಬ್ಬೆರಳಿನ ಗಾತ್ರದ ಆ ನೇರಳೆಯಲ್ಲ. ಬಟಾಣಿಗಿಂತ ಚೂರು ದೊಡ್ಡದು. ಒಳಗೆಲ್ಲ ಬೀಜ, ಅದರ ಮೇಲೆ ತಿರುಳು ಇದೆ ಎಂದು ನಂಬಬೇಕು. ಇದ್ದ ಚೂರುಪಾರು ತಿರುಳಿನಲ್ಲಿಯೂ ಸಿಹಿ ಹುಡುಕಬೇಕು. ಒಗರು ಮಾತ್ರ ಧಾರಾಳ. ಎರಡು ಹಣ್ಣು ತಿಂದರೆ ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿಕೊಂಡು ನಾಲಿಗೆ ಮರದ ಚೂರಿನ ಹಾಗೆ ಒಣಗಿ ನಿಲ್ಲುತ್ತಿತ್ತು. ಮನುಷ್ಯರು ತಿನ್ನುವುದಲ್ಲ ಎಂದೇ ನಾಯಿಯ ಹೆಸರಿಟ್ಟಿದ್ದಾರೆ. ಪಾಪ, ಯಾವ ನಾಯಿಯೂ ಅದನ್ನು ಮೂಸಿ ನೋಡಿದ್ದನ್ನು ನಾನು ಕಂಡಿಲ್ಲ. ತಿನ್ನುತ್ತಿದ್ದವರು ನಾನು, ಅಕ್ಕ ಮತ್ತು ಗಿಳಿಗಳು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಯಾರ ನಾಲಿಗೆ ಹೆಚ್ಚು ಕಪ್ಪಾಗುತ್ತದೆ ಎಂದು ನಮ್ಮಿಬ್ಬರಿಗೆ ಪಂದ್ಯ. ನಾನು ಗಬಗಬನೆ ಅಗಿದು ನುಂಗಿ ಇನ್ನೊಂದಕ್ಕೆ ಕೈ ಹಾಕುವವಳು. ಅವಳು ಒಂದೇ ಹಣ್ಣನ್ನು ಬಾಯಿಗಿಟ್ಟುಕೊಂಡು ಅಗಿಯದೆ, ಚೀಪದೆ, ಧ್ಯಾನಕ್ಕೆ ಕುಳಿತವಳ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕೊನೆಗೆ ಇಬ್ಬರೂ ಬಚ್ಚಲುಮನೆಯ ಮಸುಕು ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದರೆ ಅವಳದು ಕಡು ನೀಲಿ, ನನ್ನದು ಬರೀ ತಿಳಿ ನೇರಳೆ. "ಇನ್ನೂ ಕಪ್ಪಾಗಿಲ್ಲ ಪುಟ್ಟಿ, ಇನ್ನೊಂದು ತಿನ್ನು" ಎನ್ನುತ್ತಿದ್ದಳು. ಗೆದ್ದವಳ ಜಂಬ ಅದರಲ್ಲಿ ಇರುತ್ತಿರಲಿಲ್ಲ, ನನಗೂ ಕಪ್ಪಾಗಲಿ ಎಂಬ ಆಸೆಯೇ ಇರುತ್ತಿತ್ತು. ಒಗರಿನಿಂದ ಮಾತು ಹೊರಡದೆ ಒದ್ದಾಡುವ ನಮ್ಮನ್ನು ನೋಡಿ ಅಮ್ಮ ಬೈದುಕೊಂಡೇ ಒಂದೊಂದು ತುತ್ತು ಮೊಸರನ್ನ ಕೈಗೆ ಹಾಕುತ್ತಿದ್ದಳು. ತುತ್ತು ಇಳಿದಂತೆ ಬಾಯಿ ಮೆತ್ತಗಾಗಿ ನಾಲಿಗೆ ನಮ್ಮ ಸ್ವಾಧೀನಕ್ಕೆ ಬರುತ್ತಿತ್ತು.

ಸ್ಕೂಲಿನ ಬಿಳಿ ರವಿಕೆಗೆ ಹಣ್ಣಿನ ರಸ ತಾಗಿ ಒಮ್ಮೆ ದೊಡ್ಡ ರಾದ್ಧಾಂತವಾಯಿತು. ನಾನು ಹೆದರಿ ಬಟ್ಟೆ ಸೋಪು ಹಚ್ಚಿ ಉಜ್ಜಿದೆ. ನೇರಳೆ ಬಣ್ಣದ ಕಲೆ ಹೋಗಲಿಲ್ಲ, ನೀಲಿಗೆ ತಿರುಗಿ ಅಂಚಿನಲ್ಲಿ ಹಸಿರಾಯಿತು. ಅಳು ಬಂತು. ಅಕ್ಕ ಅಡಿಗೆಮನೆಯಿಂದ ನಿಂಬೆಹೋಳು ಕದ್ದು ತಂದು ಅದರ ಮೇಲೆ ಹಿಂಡಿದಳು. ಹಸಿರು ಹೋಗಿ ಗುಲಾಬಿಯಾಯಿತು! ರವಿಕೆಯ ಗತಿ ಏನಾಯಿತೋ ಮರೆತಿದ್ದೇನೆ. ಆ ಬಣ್ಣ ಬದಲಾದದ್ದನ್ನು ಮಾತ್ರ ಮರೆತಿಲ್ಲ. ಮುಂದೆ ನಾನು ಕೆಮಿಸ್ಟ್ರಿ ಓದಿ, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಿಯಾದೆ. ಆಮ್ಲ, ಪ್ರತ್ಯಾಮ್ಲ ಎಂದು ಬೋರ್ಡಿನ ಮೇಲೆ ಬರೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಆ ರವಿಕೆಯೇ.

ಒಗರಿಗೆ ಕಾರಣವಾಗುವ ವಸ್ತುಗಳಿಗೆ ನಮ್ಮ ಶಾಸ್ತ್ರದಲ್ಲಿ ಫೀನಾಲುಗಳು ಎಂದು ಹೆಸರು. ಬಚ್ಚಲಿಗೆ ಹಾಕುವ ಫಿನಾಯಿಲ್ಲಿಗೆ ದೂರದ ದಾಯಾದಿಗಳು. ಅಲ್ಲಿಯೂ ಕ್ರಿಮಿ ಕೊಲ್ಲುವುದೇ ಕೆಲಸ, ಇಲ್ಲಿಯೂ ಅದೇ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಆದ್ದರಿಂದ ಬೂಷ್ಟು, ಹುಳು, ಬ್ಯಾಕ್ಟೀರಿಯಾ ಬಂದರೆ ಇರಲಿ ಎಂದು ಸಿಪ್ಪೆಯಲ್ಲೂ ಬೀಜದಲ್ಲೂ ಫೀನಾಲು ತುಂಬಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಸುಡದ ಹಾಗೆ, ಗಾಳಿಗೆ ಕೆಡದ ಹಾಗೆ ಕಾಯುವುದೂ ಅದೇ. ಈಗ ಎಲ್ಲರ ಬಾಯಲ್ಲೂ ಇರುವ ಆಂಟಿಆಕ್ಸಿಡೆಂಟು ಎಂಬ ಪದವಿಯನ್ನು ಅದಕ್ಕೆ ಕೊಟ್ಟಿರುವುದು ಇದಕ್ಕಾಗಿಯೇ. ನಾವು ಸಾಕಿದ ಹಣ್ಣಿಗೆ ಔಷಧಿ ಹೊಡೆದು ಕಾಯುವವರಿದ್ದಾರೆ, ಅದು ನಿಶ್ಚಿಂತೆಯಾಗಿ ಸಿಹಿಯಾಗುತ್ತದೆ. ಕಾಡುಹಣ್ಣಿಗೆ ದಿಕ್ಕಿಲ್ಲ, ಅದು ತನ್ನ ಒಗರನ್ನೇ ನಂಬಿಕೊಂಡಿರಬೇಕು. ಹೀಗೆಲ್ಲ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಕ್ಲಾಸಿನಲ್ಲಿ ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಯಾರಾದರೂ ನೆಲ್ಲಿಕಾಯಿ ಹೆಚ್ಚಿದರೆ ಈಳಿಗೆಮಣೆಯ ಅಲಗು ಯಾಕೆ ಕಪ್ಪಾಯಿತು ನೋಡಿ ಎಂದು ಶುರು ಮಾಡುತ್ತಿದ್ದೆ. ಕಬ್ಬಿಣ, ಫೀನಾಲು, ಹಳೆಯ ಕಾಲದ ಮಸಿ ಎಂದು ಸಾರು ಆರುವವರೆಗೂ ಬಿಡುತ್ತಿರಲಿಲ್ಲ.

"ನಿನ್ನ ಕೈಗೆ ಹಣ್ಣು ಕೊಟ್ರೆ ಅದು ಹಣ್ಣಾಗಿ ಉಳಿಯಲ್ಲ ಕಣೇ, ಪಾಠ ಆಗಿಬಿಡುತ್ತೆ" ಎಂದು ಅಕ್ಕ ನಗುತ್ತಿದ್ದಳು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರೂರಿಗೆ ಟ್ರಂಕ್ ಕಾಲ್ ಜೋಡಿಸಿ, ಇಬ್ಬರು ಮಾತಾಡುವಾಗ ತಾನು ಸುಮ್ಮನಿದ್ದು ಅಭ್ಯಾಸವಾದವಳು. ಭಾವ ತೀರಿಕೊಂಡ ಮೇಲೆ ಶಂಕರಪುರದ ನನ್ನ ಮನೆಗೇ ಬಂದಳು. ನನಗೆ ಮದುವೆಯಿಲ್ಲ, ಅವಳ ಒಬ್ಬಳೇ ಮಗಳು ಮೈಸೂರಿನಲ್ಲಿ. ಇಬ್ಬರಿಗೆ ಎರಡು ರೂಮು, ಒಂದು ಪೇಪರು, ಒಂದು ಕಾಫಿ ಫಿಲ್ಟರು. ಜಗಳಕ್ಕೆ ಬೇಕಾದಷ್ಟು ವಿಷಯ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ವರ್ಷಗಳು ಬೇರೆ ಇರಲಿಲ್ಲ.

ಭಾವನ ವರ್ಷಾಬ್ದಿಕ ಮುಗಿದ ಮೇಲೆ ಎಲ್ಲರೂ ಕಾಶಿ, ಗಯೆಗೆ ಹೋದೆವು. ಗಯೆಯಲ್ಲಿ ಪಿಂಡಪ್ರದಾನವಾದ ಮೇಲೆ ಅಕ್ಷಯವಟದ ಬುಡದಲ್ಲಿ ಒಂದು ಹಣ್ಣು, ಒಂದು ತರಕಾರಿ, ಒಂದು ಎಲೆಯನ್ನು ಬಿಡಬೇಕು. ಬಿಡುವುದೆಂದರೆ ಬದುಕಿರುವವರೆಗೂ ಅದನ್ನು ಮತ್ತೆ ತಿನ್ನಬಾರದು. ತನಗೆ ಪ್ರಿಯವಾದದ್ದನ್ನೇ ಬಿಡಬೇಕೆಂದು ಶಾಸ್ತ್ರ. ಆದರೆ ನಮ್ಮ ಜನ ಎಂಥವರು ಎಂದು ನಿಮಗೆ ಗೊತ್ತೇ ಇದೆ. ಗಯೆಯ ಆ ಆಲದ ಮರದ ಕೆಳಗೆ ನಮ್ಮವರು ಬಿಟ್ಟು ಬಂದ ಹಾಗಲಕಾಯಿಯನ್ನು ರಾಶಿ ಹಾಕಿದ್ದರೆ ಇಷ್ಟು ಹೊತ್ತಿಗೆ ಮರವೇ ಮುಚ್ಚಿಹೋಗುತ್ತಿತ್ತು. ನಮ್ಮ ಚಿಕ್ಕಪ್ಪ ಒಬ್ಬರು ಹಾಗೇ ಜಾಣತನದಿಂದ ಹಾಗಲಕಾಯಿ ಬಿಟ್ಟು ಬಂದರು. ಮರುವರ್ಷ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ದಿನಾ ಹಾಗಲಕಾಯಿ ತಿನ್ನಿ ಎಂದು ಎಲ್ಲರೂ ಹೇಳತೊಡಗಿದರು. ಬಿಟ್ಟಿದ್ದೇನೆ, ತಿನ್ನುವ ಹಾಗಿಲ್ಲ ಎಂದು ಕೈ ಮುಗಿದು ಅಲ್ಲಿಯೂ ಪಾರಾದರು. ನಾನೇನು ಕಡಿಮೆಯೇ? ಅಲ್ಲಿ ಕರ್ಮ ಮಾಡಿಸುವ ಪಂಡಾ ನನ್ನ ಕಡೆ ತಿರುಗಿದಾಗ ಗಂಭೀರವಾಗಿ ಡ್ರ್ಯಾಗನ್ ಫ್ರೂಟ್ ಎಂದೆ. ಅವನಿಗೆ ಅರ್ಥವಾಗದೆ ನಮ್ಮ ಪುರೋಹಿತರ ಮುಖ ನೋಡಿದ. ಅವರಿಗೂ ಅರ್ಥವಾಗಲಿಲ್ಲ. ಸಂಕಲ್ಪದಲ್ಲಿ ಏನೆಂದು ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅಕ್ಕನ ಸರದಿ ಬಂತು. ಅವಳು ಸ್ವಲ್ಪವೂ ಯೋಚಿಸದೆ ನೇರಳೆ ಎಂದಳು.

ವಾಪಸು ಬರುವಾಗ ರೈಲಿನಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಪ್ರಪಂಚದಲ್ಲಿ ಇಷ್ಟೊಂದು ಹಣ್ಣು ಇರುವಾಗ ಅದನ್ನೇ ಯಾಕೆ ಬಿಟ್ಟೆ, ಕಿವಿ ಹಣ್ಣು ಅಂದಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಅವಳು ಕಿಟಕಿಯ ಆಚೆ ನೋಡಿಕೊಂಡು ಹೇಳಿದಳು: "ಬೇಡದ್ದನ್ನ ಬಿಟ್ರೆ ಅದು ಬಿಟ್ಟ ಹಾಗಾ ಪುಟ್ಟಿ? ಅವರಿಗೆ ಕೊಡೋಕೆ ನನ್ನ ಹತ್ರ ಇನ್ನೇನಿತ್ತು?"

ಆಮೇಲಿನ ಜೂನ್ ತಿಂಗಳುಗಳಲ್ಲಿ ನೇರಳೆಯ ಗಾಡಿ ಕಂಡರೆ ಅವಳು ನಿಲ್ಲದೆ ಮುಂದೆ ಹೋಗುತ್ತಿದ್ದಳು. ನಾನೂ ಅವಳ ಮುಂದೆ ತಿನ್ನುತ್ತಿರಲಿಲ್ಲ. ಮನೆಯಲ್ಲಿ ಆ ಮಾತೇ ಬರದ ಹಾಗೆ ನಾಲ್ಕೈದು ವರ್ಷ ಕಳೆದವು.

ಹೋದ ವರ್ಷ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಎಲ್ಲಿ, ಹೇಗೆ, ಯಾವ ಹಂತ ಎಂಬುದೆಲ್ಲ ಇಲ್ಲಿ ಬೇಡ. ಅವೆಲ್ಲ ಬಾಯಿಪಾಠವಾಗಿ ನನಗೇ ಸಾಕಾಗಿದೆ. ಕೀಮೋ ಶುರುವಾಯಿತು. ಕೂದಲು ಹೋದದ್ದಕ್ಕೆ ಅವಳು ಅಳಲಿಲ್ಲ. ಎಣ್ಣೆ ಖರ್ಚು ಉಳಿಯಿತು ಎಂದಳು. ಆದರೆ ಅದರ ಹಿಂದೆಯೇ ನಾಲಿಗೆಯ ರುಚಿ ಹೋಯಿತು. ಉಪ್ಪಿಲ್ಲ, ಸಿಹಿಯಿಲ್ಲ, ಹುಳಿಯಿಲ್ಲ. ಸಾರು ಕುಡಿದರೆ ಬಿಸಿನೀರು, ಅನ್ನ ತಿಂದರೆ ಹತ್ತಿ. ಮೂಗಿಗೂ ಏನೂ ತಿಳಿಯುತ್ತಿರಲಿಲ್ಲ. ಒಗ್ಗರಣೆ ಚಟಗುಟ್ಟುವುದು ಕೇಳಿಸುತ್ತೆ, ಅಷ್ಟೇ ಎನ್ನುತ್ತಿದ್ದಳು. ನಾಲ್ಕು ತುತ್ತಿಗೇ ತಟ್ಟೆ ಸರಿಸಿಬಿಡುತ್ತಿದ್ದಳು. ಪ್ರತಿ ಸಲ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಾಗಲೂ ಮುಳ್ಳು ಹಿಂದಕ್ಕೆ ಬಂದಿರುತ್ತಿತ್ತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಔಷಧಿ ನಮ್ಮ ಕೆಲಸ, ತಿನ್ನಿಸುವುದು ನಿಮ್ಮ ಕೆಲಸ, ತಿನ್ನದಿದ್ದರೆ ಮುಂದಿನ ಕೀಮೋ ತಡೆದುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು.

ಸುದ್ದಿ ತಿಳಿದ ನೆಂಟರು ಒಬ್ಬೊಬ್ಬರೇ ಬಂದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಆಂಟಿಆಕ್ಸಿಡೆಂಟ್ ಪುಡಿ, ಆಂಟಿಆಕ್ಸಿಡೆಂಟ್ ಮಾತ್ರೆ, ಕಾಡುಹಣ್ಣಿನ ಸಾರ ಎಂದು ಚೀಟಿ ಅಂಟಿಸಿದ ಶೀಶೆ. ಅವನ್ನೆಲ್ಲ ತೋರಿಸಿದರೆ ಡಾಕ್ಟರಮ್ಮ ಚಿಕಿತ್ಸೆ ಮುಗಿಯುವವರೆಗೆ ಯಾವುದನ್ನೂ ಮುಟ್ಟಿಸಬೇಡಿ, ಔಷಧಿಗೆ ಅಡ್ಡ ಬಂದರೂ ಬರಬಹುದು ಎಂದರು. ಬದುಕೆಲ್ಲ ನಾನು ಹೊಗಳಿದ ವಸ್ತುವನ್ನು ನಾನೇ ಅಟ್ಟದ ಮೇಲೆ ಇಟ್ಟು ಬಂದೆ. ಅಕ್ಕ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಪಾಪ ನಿನ್ನ ಫೀನಾಲು ಎಂದಳು.

ಆ ಮಾತಿನಿಂದಲೇ ನನಗೊಂದು ವಿಷಯ ಹೊಳೆಯಿತು. ಒಗರು ನಿಜವಾಗಿ ರುಚಿಯೇ ಅಲ್ಲ. ಸಿಹಿ ಉಪ್ಪುಗಳನ್ನು ತಿಳಿಯುವುದು ನಾಲಿಗೆಯ ಮೊಗ್ಗುಗಳು. ಒಗರು ಹಾಗಲ್ಲ. ಹಣ್ಣಿನ ಫೀನಾಲು ಹೋಗಿ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಜೊಲ್ಲಿನ ಜಾರು ಹೋಗುತ್ತದೆ, ಬಾಯಿ ಒರಟಾಗುತ್ತದೆ. ಆ ಒರಟನ್ನು ನಾವು ಮುಟ್ಟಿ ತಿಳಿಯುವ ಹಾಗೆ ತಿಳಿಯುತ್ತೇವೆ. ಅಮ್ಮನ ಮೊಸರನ್ನದ ಗುಟ್ಟೂ ಇದೇ. ಮೊಸರಿನ ಪ್ರೋಟೀನು ಸಿಕ್ಕಿದರೆ ಫೀನಾಲು ನಮ್ಮನ್ನು ಬಿಟ್ಟು ಅದನ್ನು ಹಿಡಿಯುತ್ತದೆ. ಹಾಗಾದರೆ ಅಕ್ಕನಿಗೆ ಎಲ್ಲ ರುಚಿ ಹೋಗಿದ್ದರೂ ಒಗರು ತಿಳಿಯಬೇಕು!

ಹಾಲಿಲ್ಲದ, ಸಕ್ಕರೆಯಿಲ್ಲದ ಕಡು ಟೀ ಮಾಡಿ ಆರಿಸಿ ಕೊಟ್ಟೆ. ಅವಳು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ನುಂಗಿದಳು.

"ನಾಲಿಗೆ ಇದೆ ಅಂತ ಗೊತ್ತಾಯ್ತು ಕಣೇ" ಎಂದಳು.

ನಾನು ಅಡಿಗೆಮನೆಗೆ ಹೋಗಿ ಅತ್ತುಬಂದೆ. ಆಮೇಲೆ ಮನೆ ಪ್ರಯೋಗಶಾಲೆಯಾಯಿತು. ಎಳೆಯ ಸೀಬೆಕಾಯಿ ಅಗಿಯಲು ಗಟ್ಟಿಯಾಯಿತು, ನೆಲ್ಲಿಕಾಯಿಯ ಹುಳಿಗೆ ಬಾಯಿಹುಣ್ಣು ಉರಿಯಿತು, ಬಾಳೆಕಾಯಿ ಬೇಯಿಸಿದ ತಕ್ಷಣ ಒಗರು ಬಿಟ್ಟುಕೊಟ್ಟಿತು. ಟೀಯೂ ಎರಡು ದಿನಕ್ಕೆ ಬೇಸರವಾಯಿತು. ಒಂದು ಮಧ್ಯಾಹ್ನ ಅಕ್ಕ ತನ್ನಷ್ಟಕ್ಕೆ ತಾನು, ಛತ್ರದ ಹಿಂದಿನ ನಾಯಿನೇರಳೆ ನೆನಪಿದೆಯಾ, ಅದರ ಒಗರು ಒಗರು ಎಂದಳು. ಬೇಕೆಂದು ಕೇಳಲಿಲ್ಲ. ಅಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ನನಗೆ ಅಷ್ಟು ಸಾಕಿತ್ತು. ಜೂನ್ ತಿಂಗಳು ಬೇರೆ. ಚಾಮರಾಜಪೇಟೆಗೆ ಹೋದೆ. ಛತ್ರವೇ ಇರಲಿಲ್ಲ, ಇನ್ನು ಮರ ಎಲ್ಲಿಂದ ಬರಬೇಕು? ಗಾಂಧಿ ಬಜಾರು, ಮಲ್ಲೇಶ್ವರದ ಮಾರ್ಕೆಟ್ಟು ಎಲ್ಲ ಕಡೆ ದಪ್ಪ ದಪ್ಪ ಸಿಹಿ ನೇರಳೆ. ನಾಯಿನೇರಳೆ ಕೇಳಿದರೆ, ಅದನ್ಯಾರಮ್ಮ ತಿಂತಾರೆ ಎಂದು ನಕ್ಕರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಹತ್ತಾರು ಜನ ಅದರ ಆರೋಗ್ಯಗುಣಗಳ ಬಗ್ಗೆ ವೀಡಿಯೊ ಕಳಿಸಿದರು. ಒಬ್ಬಳು ಮಾತ್ರ, ಮೇಡಂ, ಬಿನ್ನಿಪೇಟೆಯಲ್ಲಿ ನಮ್ಮ ಮನೆ ಹಿಂದಿನ ಓಣಿಯಲ್ಲಿ ಒಂದು ಇದೆ ಎಂದು ಮರದ ಫೋಟೋ ಹಾಕಿದಳು.

ಹಿಂದೆ ಬಟ್ಟೆ ಗಿರಣಿ ಇದ್ದ ಜಾಗದಲ್ಲಿ ಎದ್ದು ನಿಂತ ಅಪಾರ್ಟ್‌ಮೆಂಟುಗಳನ್ನು ದಾಟಿ, ಹಳೆಯ ಕಾಂಪೌಂಡು ಗೋಡೆಯ ಪಕ್ಕದಲ್ಲಿ ಆ ಮರ ಸಿಕ್ಕಿತು. ಕೆಳಗೆ ನೆಲವೆಲ್ಲ ನೇರಳೆ. ಛತ್ರಿಯ ಹಿಡಿಯಿಂದ ಕೊಂಬೆ ಎಳೆದುಕೊಂಡು ಸ್ಟೀಲ್ ಡಬ್ಬಿ ತುಂಬಿಸಿದೆ. ನಾಲ್ಕು ಹಣ್ಣು ಕೊಡಬಹುದೇ ಎಂದು ಡಾಕ್ಟರಮ್ಮನನ್ನು ಮೊದಲೇ ಕೇಳಿದ್ದೆ. ಚೆನ್ನಾಗಿ ತೊಳೆದು ಕೊಡಿ ಎಂದಿದ್ದರು. ಆದರೆ ಆಟೋ ಹತ್ತಿದ ಮೇಲೆ ಥಟ್ಟನೆ ಹೊಳೆಯಿತು. ಅಕ್ಕ ಗಯೆಯಲ್ಲಿ ಬಿಟ್ಟಿರುವುದು ಇದನ್ನೇ ಅಲ್ಲವೇ? ಇಷ್ಟು ದಿನ ನನಗೆ ಅದು ನೆನಪಿಗೇ ಬಂದಿರಲಿಲ್ಲ. ಒಗರು ಹುಡುಕುವ ಭರದಲ್ಲಿ ಗಯೆಯೇ ಮರೆತುಹೋಗಿತ್ತು. ಶಂಕರಪುರ ಬರುವಷ್ಟರಲ್ಲಿ ವಾದ ಸಿದ್ಧವಾಯಿತು. ಬಿಟ್ಟಿರುವುದು ನೇರಳೆ. ಇದು ನಾಯಿನೇರಳೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ ಎಂದು ಎಲ್ಲೋ ಓದಿದ ನೆನಪು. ಆದ್ದರಿಂದ ದೋಷವಿಲ್ಲ. ಡ್ರ್ಯಾಗನ್ ಫ್ರೂಟ್ ಬಿಟ್ಟವಳಿಂದ ಇನ್ನೆಂಥ ಧರ್ಮಶಾಸ್ತ್ರ ಬರಬೇಕು?

ಮನೆಗೆ ಬಂದು ಕಾಯಿಸಿ ಆರಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಸಿಪ್ಪೆಯ ಫೀನಾಲು ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದವಳಿಗೆ ಆ ಹೊತ್ತಿನಲ್ಲಿ ಅದರ ಮೇಲೆ ಕವಡೆ ಕಾಸಿನ ನಂಬಿಕೆ ಬರಲಿಲ್ಲ. ಬೆಳ್ಳಿ ಬಟ್ಟಲಿಗೆ ಹಾಕಿ ಅಕ್ಕನ ಮುಂದೆ ಇಟ್ಟೆ.

ಅವಳು ಎದ್ದು ಕುಳಿತಳು. ಒಂದು ಹಣ್ಣು ತೆಗೆದು ಬೆರಳುಗಳ ನಡುವೆ ಉರುಳಿಸಿದಳು. ಮೂಗಿನ ಹತ್ತಿರ ತಂದಳು. ವಾಸನೆ ಬರುವುದಿಲ್ಲವೆಂದು ನೆನಪಾಗಿ ಇಳಿಸಿದಳು. ನಂತರ ಬಟ್ಟಲಿಗೆ ವಾಪಸು ಹಾಕಿದಳು.

"ಬಿಟ್ಟಿದೀನಲ್ಲೇ" ಎಂದಳು.

ನಾನು ಸಸ್ಯಶಾಸ್ತ್ರ ತೆಗೆದೆ. ಅವಳು ಪೂರ್ತಿ ಕೇಳಿದಳು. ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೆಯೇ ಅಡ್ಡ ಬಾಯಿ ಹಾಕದೆ ಕೇಳಿದಳು. "ಹೆಸರು ಬೇರೆ ಇರಬಹುದು ಪುಟ್ಟಿ. ಅಲ್ಲಿ ಕೂತಾಗ ನನ್ನ ಮನಸ್ಸಲ್ಲಿ ಇದ್ದಿದ್ದು ಇದೇ ಹಣ್ಣು" ಎಂದಳು.

ನನಗೆ ರೇಗಿಹೋಯಿತು. ಭಾವ ಬದುಕಿದ್ದರೆ ತಾವೇ ಬಿಡಿಸಿ ಬಾಯಿಗೆ ಹಾಕುತ್ತಿದ್ದರು, ನಿನ್ನ ಈ ಸ್ಥಿತಿಯಲ್ಲಿ ಅವರು ಬೇಡ ಎನ್ನುತ್ತಾರಾ ಎಂದು ಕೂಗಿದೆ.

"ಅನ್ನಲ್ಲ. ಬೇಡ ಅನ್ನೋರಾಗಿದ್ರೆ ಅವರಿಗೋಸ್ಕರ ಯಾಕೆ ಬಿಡ್ತಿದ್ದೆ?"

ನಾನು ಬಟ್ಟಲು ಎತ್ತಿಕೊಂಡು ಹೊರಟೆ. ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ನೀನು ತಿನ್ನು. ನಾನು ನೋಡ್ತೀನಿ."

ಹಾಗಾಗಿ ಆ ಮಧ್ಯಾಹ್ನ ನಾನು ಅವಳ ಮಂಚದ ತುದಿಯಲ್ಲಿ ಕುಳಿತು ನಾಯಿನೇರಳೆ ತಿಂದೆ. ಎಷ್ಟೋ ವರ್ಷಗಳ ಮೇಲೆ. ಅಗಿಯಬೇಡ, ಸುಮ್ಮನೆ ಇಟ್ಟುಕೋ, ಬೀಜವನ್ನು ಪಕ್ಕಕ್ಕೆ ತಳ್ಳು, ಈಗ ಮೆಲ್ಲಗೆ ಒತ್ತು ಎಂದು ಅವಳು ಹೇಳಿಕೊಟ್ಟಳು. ಬಾಯಿ ಎಲ್ಲಿ ಹಿಡಿಯುತ್ತಾ ಇದೆ ಎಂದು ಕೇಳಿದಳು. ಮೊದಲು ನಾಲಿಗೆಯ ಅಂಚು ಎಂದೆ. ಆಮೇಲೆ? ಆಮೇಲೆ ಕೆನ್ನೆಯ ಒಳಗೆ. ಈಗ ಒಸಡು. ಈಗ ಅಂಗುಳದ ಮೇಲೆಲ್ಲ. ಪ್ರೋಟೀನು ಗೀಟೀನು ಎಂಬ ಮಾತೇ ನನ್ನ ಬಾಯಿಗೆ ಬರಲಿಲ್ಲ. ನೋಡುತ್ತ ನೋಡುತ್ತ ಅವಳ ಒಣಗಿದ ತುಟಿ ಸಣ್ಣಗೆ ಮುದುಡಿತು. ಕೆನ್ನೆ ಒಳಕ್ಕೆ ಹೋಯಿತು. ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು.

ನಾಲಿಗೆ ತೋರಿಸು ಎಂದಳು. ಚಾಚಿದೆ.

"ಇನ್ನೂ ಕಪ್ಪಾಗಿಲ್ಲ. ಇನ್ನೊಂದು ತಿನ್ನು."

ಬಟ್ಟಲು ಮುಗಿಯುವ ತನಕ ತಿಂದೆ. ಕಣ್ಣೀರು ಸುರಿದದ್ದು ಒಗರಿಗೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಅವಳಿಗೆ ಹಾಗೆಂದೇ ಹೇಳಿದೆ. ಕೊನೆಗೆ ಚಾಚಿದಾಗ ಅವಳು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿ, ಹೂಂ, ಈಗ ಆಯ್ತು ಎಂದಳು. ಆಮೇಲೆ ದಿಂಬಿಗೆ ಒರಗಿ ಒಂದು ಮಾತು ಹೇಳಿದಳು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಬಾಯೆಲ್ಲ ಒಗರಾಯ್ತು ಕಣೇ. ಸ್ವಲ್ಪ ಮೊಸರನ್ನ ಕಲಸಿಕೊಂಡು ಬಾ."

ತಾನಾಗಿ ಊಟ ಕೇಳದೆ ಎಷ್ಟೋ ವಾರವಾಗಿತ್ತು.

ಆ ದಿನ ಒಂದು ಬಟ್ಟಲು ಅನ್ನ ತಿಂದಳು. ಅಲ್ಲಿಂದ ಮುಂದೆ ಅದೇ ನಮ್ಮ ದಿನಚರಿಯಾಯಿತು. ಬೆಳಿಗ್ಗೆ ನಾನು ಬಿನ್ನಿಪೇಟೆಗೆ ಹೋಗಿ ಬರುವುದು, ಮಧ್ಯಾಹ್ನ ಅವಳ ಮುಂದೆ ಕುಳಿತು ತಿನ್ನುವುದು, ನಾಲಿಗೆ ತೋರಿಸುವುದು, ಅವಳಿಗೆ ಒಗರಾಗುವುದು. ಇದು ಯಾವ ರಸಾಯನಶಾಸ್ತ್ರ ಎಂದು ನನ್ನನ್ನು ಕೇಳಬೇಡಿ. ಫೀನಾಲು ಇದ್ದದ್ದು ನನ್ನ ಬಾಯಲ್ಲಿ, ಬಾಯಿ ಕಟ್ಟಿಕೊಂಡದ್ದು ಅವಳಿಗೆ. ತೂಕ ಏರಲಿಲ್ಲ, ಆದರೆ ಇಳಿಯುವುದು ನಿಂತಿತು. ಡಾಕ್ಟರಮ್ಮ, ಏನು ಮಾಡ್ತಾ ಇದ್ದೀರೋ ಅದನ್ನೇ ಮಾಡಿ ಎಂದರು. ಏನು ಮಾಡುತ್ತಿದ್ದೇವೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಕಾಡುಹಣ್ಣಿನ ಕಾಲ ಎಷ್ಟು ದಿನ? ಆಷಾಢದ ಗಾಳಿಮಳೆ ಎರಡು ದಿನ ಜೋರಾಗಿ ಹಿಡಿಯಿತು. ಮೂರನೆಯ ದಿನ ಹೋದರೆ ಮರದಲ್ಲಿ ಬರೀ ಎಲೆ. ನೆಲದ ಹಣ್ಣೆಲ್ಲ ಕೊಳೆತು ಕೆಸರಾಗಿತ್ತು. ಬರುವಾಗ ಗಾಂಧಿ ಬಜಾರಿನಲ್ಲಿ ಆ ದಪ್ಪ ನೇರಳೆಯಲ್ಲೇ ಸಣ್ಣ ಸಣ್ಣದನ್ನು ಆರಿಸಿ ತಂದು, ಏನೂ ಆಗದವಳ ಹಾಗೆ ಅವಳ ಮುಂದೆ ಕುಳಿತು ತಿಂದೆ. ಮುಖ ಹುಳ್ಳಗೆ ಮಾಡಿದೆ, ಕೆನ್ನೆ ಒಳಗೆಳೆದುಕೊಂಡೆ, ಈಗ ಒಸಡು ಹಿಡಿಯುತ್ತಾ ಇದೆ ಎಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾಲಿಗೆ ತೋರಿಸು ಎಂದಳು. ತೋರಿಸಿದೆ.

"ಇದು ಅದಲ್ಲ" ಎಂದಳು. ನಾನು ತಲೆ ತಗ್ಗಿಸಿದಾಗ ಅವಳೇ ನನಗೆ ಸಮಾಧಾನ ಹೇಳಿದಳು. "ಕಾಲ ಮುಗೀತು, ಬಿಡು ಪುಟ್ಟಿ. ಮುಂದಿನ ವರ್ಷ ಮತ್ತೆ ಬರುತ್ತಲ್ಲ."

ಆಮೇಲೆ ಅವಳು ಮೊಸರನ್ನ ಕೇಳಲಿಲ್ಲ. ನಾನು ಕಲಸಿ ತಂದರೆ ನನಗೋಸ್ಕರ ಎರಡು ತುತ್ತು ತಿನ್ನುತ್ತಿದ್ದಳು. ಶ್ರಾವಣದಲ್ಲಿ ಹೋದಳು. ಮೈಸೂರಿನಿಂದ ಮಗಳು ಬಂದಿದ್ದಳು, ಕೈ ಹಿಡಿದುಕೊಂಡಿದ್ದಳು. ನೋವಿರಲಿಲ್ಲ ಎಂದು ಎಲ್ಲರೂ ಹೇಳಿದರು. ನನಗೆ ಮಾತ್ರ ಮನೆಯ ಪ್ರತಿ ಮೂಲೆಯಲ್ಲಿ ಅವಳಿಲ್ಲದಿರುವುದು ಕಣ್ಣಿಗೆ ಹೊಡೆಯುತ್ತದೆ. ಕಾಫಿ ಫಿಲ್ಟರಿಗೆ ಇವತ್ತಿಗೂ ಇಬ್ಬರಿಗೆ ಬೇಕಾದಷ್ಟು ಪುಡಿ ಹಾಕಿಬಿಡುತ್ತೇನೆ.

ಈಗ ಆ ಮುಂದಿನ ವರ್ಷ ಬಂದಿದೆ. ಗಾಂಧಿ ಬಜಾರಿನಲ್ಲಿ ನೇರಳೆ ಬಂದಿದೆ. ಸ್ಕೂಟರಿನ ಕನ್ನಡಿಗೆ ನಾಲಿಗೆ ಚಾಚಿ ನಿಂತಿದ್ದೆ ಎಂದೆನಲ್ಲ, ಅಷ್ಟರಲ್ಲಿ ಆ ಸ್ಕೂಟರಿನ ಹುಡುಗಿ ಹೆಲ್ಮೆಟ್ ಹಿಡಿದುಕೊಂಡು ಬಂದಳು. ಗಾಡಿ ತೆಗೆಯಬೇಕು ಆಂಟಿ ಎಂದಳು. ಬೇರೆ ಯಾರಾದರೂ ಆಗಿದ್ದರೆ ನಾಚಿ ಪಕ್ಕಕ್ಕೆ ಸರಿಯುತ್ತಿದ್ದರು. ನನಗೆ ಏನಾಯಿತೋ, ಕಪ್ಪಾಗಿದೆಯಾ ನೋಡಮ್ಮ ಎಂದು ಅವಳ ಕಡೆಗೇ ನಾಲಿಗೆ ಚಾಚಿದೆ. ಪುಣ್ಯಾತ್ಗಿತ್ತಿ ನಗಲಿಲ್ಲ. ತಲೆ ಓರೆ ಮಾಡಿ ಚೆನ್ನಾಗಿಯೇ ನೋಡಿದಳು.

"ಇಲ್ಲ ಆಂಟಿ, ಅಷ್ಟೇನಾಗಿಲ್ಲ" ಎಂದಳು. ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೋದಳು.

ಗಾಡಿಯ ಹೆಂಗಸು, ಎಷ್ಟು ಹಾಕಲಮ್ಮಾ ಎಂದು ತಕ್ಕಡಿ ಹಿಡಿದಿದ್ದಳು. ಇವತ್ತು ಬೇಡ ಎಂದು ಆಟೋ ಹಿಡಿದು ಬಿನ್ನಿಪೇಟೆ ಎಂದೆ. ಈ ವರ್ಷ ಅಲ್ಲಿಗೆ ಹೋಗಲು ಕಾಲು ಬಂದಿರಲಿಲ್ಲ. ಮರ ಇತ್ತು. ಹಣ್ಣೂ ಇತ್ತು. ಮರದ ಕೆಳಗೆ ನಿಂತುಕೊಂಡೇ ತಿಂದೆ. ಅವಳು ಹೇಳಿಕೊಟ್ಟ ಹಾಗೆ, ಒಂದೊಂದನ್ನೇ, ಅಗಿಯದೆ.

ಮನೆಗೆ ಬಂದು ಬಚ್ಚಲುಮನೆಯ ಕನ್ನಡಿಯಲ್ಲಿ ನೋಡಿಕೊಂಡೆ. ಅಕ್ಕನ ನಾಲಿಗೆ ಆಗುತ್ತಿತ್ತಲ್ಲ, ಅಷ್ಟು ಕಪ್ಪಾಗಿತ್ತು. ಬಾಯೆಲ್ಲ ಒಗರು. ಅಡಿಗೆಮನೆಯಲ್ಲಿ ಅನ್ನವಿತ್ತು, ಮೊಸರಿತ್ತು. ಕಲಸಲಿಲ್ಲ. ಅವಳ ಮಂಚದ ತುದಿಯಲ್ಲಿ ಕುಳಿತು, ಒಗರು ತಾನಾಗಿ ಹೋಗುವವರೆಗೂ ಇಟ್ಟುಕೊಂಡಿದ್ದೆ.